ಹೊನ್ನಿಯ ಬಟ್ಟಲು

೧೯೬೮ನೆಯ ಇಸವಿ ಏಪ್ರಿಲ್ ೧೧, ಗುರುವಾರ. ಕೀಲಕ ಸಂವತ್ಸರದ ಚೈತ್ರ ಶುದ್ಧ ತ್ರಯೋದಶಿ. ನನ್ನ ಹಳೆಯ ದಿನಚರಿಯ ಆ ಪುಟದಲ್ಲಿ ಹೀಗಿದೆ: “ಈ ದಿನ ಅರವಟ್ಟಿಗೆ ಹೂಡಿದೆವು. ಮೂರು ಹೊಸ ಗಡಿಗೆ. ಅತ್ತೆಯವರು ಲೋಟ ತೆಗೆಸಿದರು. ಕಾರಣ ಹೇಳಿದರು. ಮರೆಯುವ ಮೊದಲು ಬರೆಯಬೇಕು.” ಮರೆಯುವ ಮೊದಲೇ ಬರೆದೆ. ಮುಂದಿನ ಹನ್ನೊಂದು ಪುಟಗಳಲ್ಲಿ ಇರುವುದು ಆ ಕಾರಣವೇ.

ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡಲು ಹಾಕುವ ಚಪ್ಪರಕ್ಕೆ ಅರವಟ್ಟಿಗೆ ಎನ್ನುತ್ತೇವೆ. ಕರಿಹೊಲದ ಗೌಡರ ಮನೆಗೆ ನಾನು ಸೊಸೆಯಾಗಿ ಬಂದ ಎರಡನೆಯ ಬೇಸಿಗೆ ಅದು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವಳು ನಾನು. ಗಡಿಗೆಯ ಮುಚ್ಚಳದ ಮೇಲೆ ಹೊಸ ಸ್ಟೀಲ್ ಲೋಟ ಇಟ್ಟು, ಯಾರೂ ಒಯ್ಯದಂತೆ ಸರಪಳಿ ಕಟ್ಟಿಸಿದ್ದೆ. ಅತ್ತೆ ನೀಲಗಂಗವ್ವನವರು ಅದನ್ನು ನೋಡಿ ನಿಂತರು.

“ಏನವಾ ಓದಿದಾಕಿ, ಮತ್ತ ಬಟ್ಟಲಾ ಇಟ್ಟೆಲ್ಲ! ಸಾತಯ್ಯನವರು ಒಮ್ಮೆ ಕುಡದದ್ದು ಸಾಲಲಿಲ್ಲೇನು?”

ನನಗೆ ಅರ್ಥವಾಗಲಿಲ್ಲ. ಅವರು ಸರಪಳಿ ಬಿಚ್ಚಿಸಿ, ಚಪ್ಪರದ ನೆರಳಿನಲ್ಲಿ ನನ್ನನ್ನು ಕೂರಿಸಿಕೊಂಡು ಈ ಪ್ರಸಂಗವನ್ನು ಹೇಳಿದರು. ಆಮೇಲೆ ಮಠದ ಹಿರಿಯರನ್ನೂ ಊರಿನ ಇಬ್ಬರು ಮುದುಕಿಯರನ್ನೂ ಬೇರೆಬೇರೆಯಾಗಿ ಕೇಳಿ ತಾಳೆ ನೋಡಿದೆ. ನಾಲ್ವರ ಬಾಯಲ್ಲೂ ಬಂದ ಸಂಗತಿಗಳನ್ನು ಮಾತ್ರ ಇಲ್ಲಿ ಇಟ್ಟಿದ್ದೇನೆ. ಮಾತುಗಳು ಅತ್ತೆಯವರು ಆಡಿ ತೋರಿಸಿದಂತೆಯೇ ಇವೆ.

ಪೂಜ್ಯ ಸಾತಯ್ಯನವರು ಇದ್ದದ್ದು ನಮ್ಮ ಊರಿಗೆ ಇನ್ನೂ ಮಣ್ಣಿನ ಕೋಟೆಯಿದ್ದ ಕಾಲದಲ್ಲಿ. ಉಪ್ಪು, ಜೋಳ, ಎಣ್ಣೆಗಳನ್ನು ಹೇರಿಕೊಂಡ ಎತ್ತುಗಳ ಹಿಂಡು ಊರ ಮುಂದಿನ ದಾರಿಯಲ್ಲಿ ಹಾದು ಹೋಗುತ್ತಿದ್ದ ಕಾಲ. ಇಂಥ ಶಕವರ್ಷ ಎಂದು ಹೇಳುವ ಶಾಸನ ನಮ್ಮಲ್ಲಿಲ್ಲ. ಆದ್ದರಿಂದ ನಾನೂ ಹೇಳುವುದಿಲ್ಲ. ಕೋಟೆಯ ಹೊರಗೆ ದಾರಿಯ ಬದಿಗೆ ಒಂದು ಬೇವಿನ ಕಟ್ಟೆ, ಅದರ ಹಿಂದೆ ಮೇಲ್ಛಾವಣಿ ಅರ್ಧ ಕುಸಿದ ಕಲ್ಲುಮಂಟಪ. ಅಯ್ಯನವರಿಗೆ ಮಠವೂ ಅದೇ, ಪೀಠವೂ ಅದೇ. ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ, ಒಂದು ಕೈಕೋಲು. ಇಷ್ಟು ಬಿಟ್ಟರೆ ಅವರದು ಎನ್ನುವಂಥದ್ದು ಏನೂ ಇರಲಿಲ್ಲ.

ಆ ಕಾಲದಲ್ಲಿ ದಾರಿಯಲ್ಲಿ ಕಾಯಿಲೆ ಬಿದ್ದವನಿಗೆ ಯಾವ ಊರೂ ಬಾಗಿಲು ತೆರೆಯುತ್ತಿರಲಿಲ್ಲ. ಜೊತೆಯವರು ಒಂದು ಹಿಡಿ ಹಿಟ್ಟು, ಒಂದು ಕುಡಿಕೆ ನೀರು ತಲೆಯ ಬಳಿ ಇಟ್ಟು ಮುಂದೆ ಹೋಗುತ್ತಿದ್ದರು. ಅದನ್ನು ಕ್ರೌರ್ಯ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಒಂದು ಮನೆಗೆ ಹೊಕ್ಕ ವಾಂತಿಭೇದಿ ಇಡೀ ಕೇರಿಯನ್ನು ಒಯ್ದದ್ದನ್ನು ಕಣ್ಣಾರೆ ಕಂಡ ಜನ ಅವರು. ವೈದ್ಯನೆಂಬವನು ಎರಡು ದಿನದ ದಾರಿಯ ಆಚೆ; ಅವನು ಬರುವಷ್ಟರಲ್ಲಿ ಬರುವ ಅಗತ್ಯವೇ ಇರುತ್ತಿರಲಿಲ್ಲ.

ಹಾಗೆ ಬಿಟ್ಟುಹೋದವರನ್ನು ಸಾತಯ್ಯನವರು ಬೆನ್ನ ಮೇಲೆ ಹೊತ್ತು ಮಂಟಪಕ್ಕೆ ತರುತ್ತಿದ್ದರು. ತಾವೇ ತೊಳೆಯುತ್ತಿದ್ದರು. ಹೊಲಸಾದ ಹುಲ್ಲನ್ನು ದೂರದ ಗುಂಡಿಯಲ್ಲಿ ಹಾಕಿ ಬೂದಿ ಮುಚ್ಚುತ್ತಿದ್ದರು. ಗಂಜಿಯ ತಿಳಿಗೆ ಉಪ್ಪು ಬೆರೆಸಿ, ಬಾಯಿ ತೆರೆಯಲಾರದವರಿಗೆ ಎಲೆಯ ತುದಿಯಿಂದ ಹನಿ ಹನಿಯಾಗಿ ಬಿಡುತ್ತಿದ್ದರು. ಕೆಲವರು ಎದ್ದು ಕೈಮುಗಿದು ಹೋದರು. ಬಹಳ ಜನ ಏಳಲಿಲ್ಲ.

ಏಳದವರ ಹೆಸರು ಗೊತ್ತಿರುತ್ತಿರಲಿಲ್ಲ. ಆದರೆ ದಾರಿ ನಡೆಯುವವನ ಕೈಯಲ್ಲಿ ಕೋಲೊಂದು ಇದ್ದೇ ಇರುತ್ತದೆ. ಮಣ್ಣು ಮಾಡಿದ ಮೇಲೆ ಅಯ್ಯನವರು ಆ ಕೋಲನ್ನು ಕಟ್ಟೆಯ ಪಕ್ಕದಲ್ಲಿ ನೆಡುತ್ತಿದ್ದರು. ಮನೆಯವರು ಯಾರಾದರೂ ಹುಡುಕಿಕೊಂಡು ಬಂದರೆ ಗುರುತು ಸಿಗಲಿ ಎಂದು.

ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಅವರು ಕೋಲುಗಳನ್ನು ಎರಡು ಸಾಲಾಗಿ ನೆಡತೊಡಗಿದರು. ಮಂಟಪಕ್ಕೆ ತಂದ ಪ್ರತಿಯೊಬ್ಬರನ್ನೂ, ಮಾತು ನಿಲ್ಲುವ ಮೊದಲು, ಒಂದೇ ಪ್ರಶ್ನೆ ಕೇಳುತ್ತಿದ್ದರು: “ಕಡೀಕ ನೀರು ಎಲ್ಲಿ ಕುಡದಿ, ಅಪ್ಪಾ?” ಹಳ್ಳದಲ್ಲಿ ಕುಡಿದವರ ಕೋಲು ಪಡುವಣ ಸಾಲಿಗೆ. ಜಕ್ಕವ್ವನ ಅರವಟ್ಟಿಗೆಯಲ್ಲಿ ಕುಡಿದವರ ಕೋಲು ಮೂಡಣ ಸಾಲಿಗೆ.

ಮೂಡಣ ಸಾಲು ಉದ್ದವಾಗುತ್ತ ಹೋಯಿತು.

ಜಕ್ಕವ್ವ ನಮ್ಮ ಮನೆತನದವಳೇ. ಊರಿನ ಗೌಡನಾಗಿದ್ದ ಕೇತಗೌಡನ ಹೆಂಡತಿ. ಹಿಂದಿನ ವರ್ಷ ವೈಶಾಖದಲ್ಲಿ ತವರಿನಿಂದ ಮಗಳೊಡನೆ ಬರುವಾಗ ನಡುದಾರಿಯಲ್ಲಿ ಗಾಡಿಯ ಅಚ್ಚು ಮುರಿಯಿತು. ಸುತ್ತ ಕಪ್ಪು ಹೊಲ, ಗಿಡದ ನೆರಳಿಲ್ಲ. ತಂದಿದ್ದ ನೀರು ಮಧ್ಯಾಹ್ನಕ್ಕೇ ತೀರಿತು. ನಾಲ್ಕು ವರ್ಷದ ಹೊನ್ನಿಗೆ ಮೊದಲೇ ಮೈ ಕಾದಿತ್ತು. “ಅವ್ವಾ, ನೀರು” ಎಂದು ಕೇಳುತ್ತ ಕೇಳುತ್ತ, ಕೇಳುವುದನ್ನೇ ನಿಲ್ಲಿಸಿತು ಮಗು. ಆಳು ನೀರು ತಂದಾಗ ಅದು ಮಗುವಿನ ಮುಖ ತೊಳೆಯಲು ಬಂತು.

ಮರುವರ್ಷ ಯುಗಾದಿ ಕಳೆದೊಡನೆ ಜಕ್ಕವ್ವ ದಾರಿ ಕವಲೊಡೆಯುವಲ್ಲಿ ಹುಣಸೆಯ ಮರದಡಿ ಅರವಟ್ಟಿಗೆ ಹೂಡಿದಳು. ಗೌಡತಿಯಾದರೂ ಕೋಟೆಯೊಳಗಿನ ಸಿಹಿನೀರಿನ ಬಾವಿಯಿಂದ ತಾನೇ ಕೊಡ ಹೊತ್ತು ತರುತ್ತಿದ್ದಳು. ಅರವಟ್ಟಿಗೆಯ ಹಳೆಯ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಕೊಡುವವರು ಬಿದಿರಿನ ಕೊಳವೆಯಿಂದ ಮೇಲಿನಿಂದ ನೀರು ಬಿಡಬೇಕು, ಕುಡಿಯುವವರು ಬೊಗಸೆಯೊಡ್ಡಿ ಕುಡಿಯಬೇಕು. ಗಡಿಗೆಗೆ ಯಾರ ಕೈಯೂ ಬಾಯಿಯೂ ಸೋಕಬಾರದು. ಜಕ್ಕವ್ವ ಕೊಳವೆಯನ್ನು ಒತ್ತಟ್ಟಿಗಿಟ್ಟು ಹೊನ್ನಿಯ ಕಂಚಿನ ಪುಟ್ಟ ಬಟ್ಟಲನ್ನು ತಂದಿಟ್ಟಳು. ಬಂದವರಿಗೆಲ್ಲ ಅದನ್ನು ಗಡಿಗೆಯಲ್ಲಿ ಅದ್ದಿ, ತುಂಬಿ, ಕೈಗೇ ಕೊಡುತ್ತಿದ್ದಳು. ಕುಡಿದು ಕೊಟ್ಟ ಬಟ್ಟಲು ಮತ್ತೆ ಗಡಿಗೆಗೆ ಇಳಿಯುತ್ತಿತ್ತು. “ಹೊನ್ನಿ ಬಟ್ಟಲಾಗ ಯಾರು ಕುಡದ್ರೂ ಅದು ಹೊನ್ನಿಗೆ ಮುಟ್ಟತೈತಿ” ಎನ್ನುತ್ತಿದ್ದಳು.

ಎಂಜಲಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ಜನ ಇದನ್ನು ಹೇಗೆ ಒಪ್ಪಿದರು ಎಂದು ನಾನು ಅತ್ತೆಯವರನ್ನು ಕೇಳಿದೆ. ಅವರು ಹೇಳಿದ್ದಿಷ್ಟು: ಕೂಸಿನ ಬಾಯಿಗೆ ಎಂಜಲಿಲ್ಲ ಎನ್ನುವುದು ನಮ್ಮಲ್ಲಿ ನಡೆದುಬಂದ ಮಾತು. ಮಗು ಕಚ್ಚಿಕೊಟ್ಟ ಹಣ್ಣನ್ನು ಮಡಿಯಲ್ಲಿದ್ದ ಅಜ್ಜಿಯೂ ತಿನ್ನುತ್ತಾಳೆ. ಕೂಸಿನ ಬಾಯಿಗೆ ಇಲ್ಲದ ಎಂಜಲು ಕೂಸಿನ ಬಟ್ಟಲಿಗೆ ಎಲ್ಲಿಂದ ಬರಬೇಕು? ಊರ ಹಿರಿಯರು ಹೀಗೆ ತಮಗೆ ತಾವೇ ಹೇಳಿಕೊಂಡರು. ಮಗು ಸತ್ತ ತಾಯಿಯ ಎದುರು ನಿಂತು ಬೇರೆ ಹೇಳುವ ಎದೆ ಯಾರಿಗೂ ಇರಲಿಲ್ಲ.

ಸಾತಯ್ಯನವರು ಹೇಳಿದರು. ಆಕೆಗಲ್ಲ, ದಾರಿಹೋಕರಿಗೆ. ಒಂದು ಬೆಳಿಗ್ಗೆ ದಾರಿಯ ನಡುವೆ ಬಂದು ಕುಳಿತು, “ಕೋಟಿಯೊಳಗ ಬಾವಿ ಐತಿ, ಅಲ್ಲಿ ಕುಡೀರಿ. ಹುಣಸಿ ಗಿಡದ ಬುಡಕ ನಿಲ್ಲಬ್ಯಾಡ್ರಿ” ಎಂದು ಬಂದವರನ್ನೆಲ್ಲ ಮುಂದೆ ಕಳಿಸತೊಡಗಿದರು. ಹೊತ್ತೇರುವಷ್ಟರಲ್ಲಿ ಸುದ್ದಿ ಜಕ್ಕವ್ವನನ್ನು ಮುಟ್ಟಿತು. ಆಕೆ ಗಡಿಗೆಯನ್ನು ಸೊಂಟಕ್ಕೇರಿಸಿ, ಬಟ್ಟಲನ್ನು ಕೈಯಲ್ಲಿ ಹಿಡಿದು ಬೇವಿನ ಕಟ್ಟೆಗೆ ಬಂದಳು. ಹಿಂದೆ ಕೇತಗೌಡ.

ಮೊದಲು ಬಾಯಿ ತೆರೆದವನು ಅವನೇ. “ಏನ್ರಿ ಅಯ್ಯನವರ, ಹೆಣಾ ಹೊತ್ತು ಹೊತ್ತು ಜೀವಂತ ಮಂದಿ ಮ್ಯಾಲ ಸಿಟ್ಟು ಬಂದಂಗ ಕಾಣತೈತಿ. ನೀರು ಕೊಡೂದೂ ತಪ್ಪಾತೇನು?”

“ನೀರು ತಪ್ಪಲ್ಲ, ಗೌಡ.”

“ಮತ್ತ? ಅದು ಕೋಟಿ ಬಾವಿ ನೀರು. ನಾವೂ ಅದನ್ನ ಕುಡೀತೀವಿ. ನಮ್ಮೂರಾಗ ಒಂದು ನಾಯಿಗರೆ ಏನರ ಆಗೇತೇನು?”

“ನಾನೂ ಅದನ್ನ ಕೇಳಿಕೊಂಡೆ. ಬಾವಿ ಒಂದ. ಊರವರು ಉಳದಾರ, ದಾರಿಯವರು ಸತ್ತಾರ. ನಡುವ ಇರೂದು ಆ ಬಟ್ಟಲ.”

ಜಕ್ಕವ್ವ ಬಟ್ಟಲನ್ನು ಎದೆಗೆ ಒತ್ತಿಕೊಂಡಳು. “ನನ್ನ ಮಗಳ ಬಟ್ಟಲು ಜೀವಾ ತಗೀತೈತಿ ಅಂತೀರಿ?”

“ಯಾಕ ಅನ್ನೂದು ನನಗೂ ಗೊತ್ತಿಲ್ಲ, ತಾಯಿ. ಎಲ್ಲಿ ಅನ್ನೂದಷ್ಟ ಗೊತ್ತೈತಿ.”

ಹೀಗೆ ಹೇಳಿ ಅವರು ಕೋಲುಗಳ ಕಡೆ ನೋಡಿದರು. ಆಕೆ ಆ ಕಡೆ ತಿರುಗಲಿಲ್ಲ. ತಿರುಗಲಾರದೆ ಹೋದಳು ಎನ್ನುತ್ತಿದ್ದರು ಅತ್ತೆಯವರು. ಆಕೆ ಬಟ್ಟಲನ್ನು ಗಡಿಗೆಯಲ್ಲಿ ಅದ್ದಿ, ತುಂಬಿ, ಎರಡೂ ಕೈಯಲ್ಲಿ ಹಿಡಿದು ಅಯ್ಯನವರ ಮುಂದೆ ಚಾಚಿದಳು.

“ನೀವು ಇದನ್ನ ಬ್ಯಾಡ ಅಂದ್ರ ನನ್ನ ಹೊನ್ನಿಗೆ ನೀರು ಇಲ್ಲ ಅಂದಂಗ. ಒಮ್ಮೆ ಕೇಳಿಕೋತನ ಸತ್ತಾಳ ಆಕಿ. ಎರಡನೇ ಸಲ ಇಲ್ಲ ಅನಸಬ್ಯಾಡ್ರಿ, ಎಪ್ಪಾ.”

ಮಂಟಪದೊಳಗೆ ಆಗ ಏಳು ಜನ ಮಲಗಿದ್ದರು. ಅವರಲ್ಲಿ ಯಾರೋ ನೀರು ಕೇಳುತ್ತಿದ್ದ ದನಿ ಹೊರಗೆ ಕೇಳಿಸುತ್ತಿತ್ತು.

ಅಯ್ಯನವರು ಆಕೆಗೆ ಬುದ್ಧಿ ಹೇಳಬಹುದಿತ್ತು. ಗೌಡನಿಗೆ ಹೇಳಿ ಬಟ್ಟಲನ್ನು ಕಿತ್ತುಕೊಳ್ಳಿಸಬಹುದಿತ್ತು. ಕಿತ್ತುಕೊಂಡರೆ ಆಕೆ ಮರುದಿನ ಇನ್ನೊಂದನ್ನು ತರುತ್ತಾಳೆ ಎನ್ನುವುದು ಅವರಿಗೆ ತಿಳಿದಿತ್ತು. ಅವರು ಎರಡೂ ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡು, ತುಟಿ ಸೋಕಿಸಿ, ಒಂದು ಹನಿ ಉಳಿಯದಂತೆ ಕುಡಿದರು. ಬಟ್ಟಲನ್ನು ಕಟ್ಟೆಯ ಕಲ್ಲಿನ ಮೇಲೆ ಬೋರಲು ಹಾಕಿದರು.

“ತಾಯಿ, ಮೂರು ದಿನ ಈ ಬಟ್ಟಲಾ ಯಾರಿಗೂ ಕೊಡಬ್ಯಾಡ. ಈ ಗಡಿಗೀನೂ ಒಡದುಬಿಡು, ಹೊಸಾದು ತಗೊ. ಕೊಳವಿಲೆ ಬೊಗಸಿಗೆ ನೀರು ಹಾಕು. ಮೂರು ದಿನ ಆದ ಮ್ಯಾಲೆ ನಾನು ನಡಕೋತ ಬಂದ್ರ, ನಿನ್ನ ಅರವಟಿಗ್ಯಾಗ ಕುಂತು ನಾನ ಈ ಬಟ್ಟಲಲೆ ನೀರು ಕೊಡತೀನಿ.”

“ಬರದಿದ್ರ?” ಎಂದ ಕೇತಗೌಡ, ಅರ್ಧ ನಗುತ್ತ.

ಅಯ್ಯನವರೂ ನಕ್ಕರು. “ಬರದಿದ್ರ, ಹೊನ್ನಿ ಪಾಲಿಂದು ನಾನು ಕುಡದೆ ಅಂತ ತಿಳೀರಿ.”

ಜಕ್ಕವ್ವ ಹಗುರಾಗಿ ಮನೆಗೆ ಹೋದಳು. ಅಯ್ಯನವರು ಕುಡಿದರಲ್ಲ, ಬೇಡ ಎನ್ನಲಿಲ್ಲವಲ್ಲ ಎಂಬುದೇ ಆಕೆಗೆ ಸಾಕಾಗಿತ್ತು. ಮೂರು ದಿನದ ಮಾತು ಉಳಿಸಿಕೊಳ್ಳುವುದು ಏನು ಮಹಾ ಎಂದುಕೊಂಡಳು. ಗಡಿಗೆ ಒಡೆದಳು. ಬಟ್ಟಲನ್ನು ಬೂದಿಯಿಂದ ಬೆಳಗಿ, ಹೊನ್ನಿಯ ಕುಲಾವಿ ಟೊಪ್ಪಿಗೆಯಲ್ಲಿ ಸುತ್ತಿ, ಗೂಡಿನಲ್ಲಿ ಇಟ್ಟಳು. ಮೂರು ದಿನ ಕೊಳವೆಯಿಂದ ನೀರು ಬಿಟ್ಟಳು. ಬಂದವರ ಬೊಗಸೆಗಳನ್ನು ನೋಡುತ್ತ, ಎಷ್ಟು ಬೇಗ ಮೂರು ದಿನ ಕಳೆದೀತು ಎಂದು ಕಾದಳು.

ಮೂರನೆಯ ದಿನ ಅಯ್ಯನವರಿಗೆಂದು ಹುಣಸೆಯ ನೆರಳಿನಲ್ಲಿ ಹೊಸ ಚಾಪೆ ಹಾಸಿ, ಕುಲಾವಿ ಬಿಚ್ಚಿ ಬಟ್ಟಲನ್ನು ಅದರ ಮೇಲೆ ಇಟ್ಟಳು. ಬಿಸಿಲು ನೆತ್ತಿಗೆ ಬಂತು. ದಾರಿಯ ಮೇಲೆ ಎತ್ತುಗಳು ಬಂದವು, ಹೋದವು. ನೆರಳು ಚಾಪೆಯನ್ನು ಬಿಟ್ಟು ಆಚೆ ಸರಿಯಿತು. ಆಗ ಆಕೆ ಎದ್ದು ಬರಿಗಾಲಲ್ಲಿ ಬೇವಿನ ಕಟ್ಟೆಯ ಕಡೆ ನಡೆದಳು. ಕೊಳವೆ ಕೈಯಲ್ಲಿಯೇ ಇತ್ತು. ಕೇತಗೌಡ ಸುದ್ದಿ ಕೇಳಿ ಹಿಂದೆಯೇ ಓಡಿಬಂದ.

ಮಂಟಪದಲ್ಲಿ ರೋಗಿಗಳ ಸಾಲಿನ ಕೊನೆಯಲ್ಲಿ ಅಯ್ಯನವರು ಮಲಗಿದ್ದರು. ಕಣ್ಣು ಒಳಗೆ ಹೋಗಿದ್ದವು, ಬೆರಳ ತುದಿಗಳು ನೆನೆದು ಒಣಗಿದ ಬಟ್ಟೆಯಂತೆ ಮುದುಡಿದ್ದವು. ಅವರ ಕೈಯಲ್ಲೇ ಗಂಜಿ ಕುಡಿದು ಬದುಕಿಕೊಂಡಿದ್ದ ಒಬ್ಬ ಎತ್ತಿನವನು ಹೊರಗೆ ಒಲೆಯ ಮುಂದೆ ಕುಳಿತಿದ್ದ. ಜಕ್ಕವ್ವ ಒಳಗೆ ಹೋಗಲಾರದೆ ಹೊಸ್ತಿಲಲ್ಲೇ ನಿಂತಳು. ಆಗ, ಮೊದಲ ಸಲ, ಆಕೆಯ ಕಣ್ಣು ಕೋಲುಗಳ ಮೇಲೆ ಬಿತ್ತು.

ಪಡುವಣ ಸಾಲು ಗಿಡ್ಡ. ಮೂಡಣ ಸಾಲು ಕಟ್ಟೆಯನ್ನು ದಾಟಿ ಹೋಗಿತ್ತು. ಆ ಸಾಲಿನ ನಡುನಡುವೆ ಗೇಣುದ್ದದ ಬೇವಿನ ಕಡ್ಡಿಗಳಿದ್ದವು.

“ಈ ಕಡ್ಡಿ ಯಾತಕ್ಕ?” ಎಂದು ಕೇಳಿದಳು.

ಎತ್ತಿನವನು ತಲೆ ಎತ್ತದೆ ಹೇಳಿದ: “ಅವು ಕೂಸು, ಎವ್ವಾ. ಕೂಸಿನ ಕೈಯಾಗ ಕೋಲು ಎಲ್ಲಿಂದ ಬರಬೇಕು?”

ಒಂದು ಕಡ್ಡಿಗೆ ಕೆಂಪು ನೂಲಿನಲ್ಲಿ ಪೋಣಿಸಿದ ಮೂರು ಕವಡೆ ಕಟ್ಟಿದ್ದರು. ಜಕ್ಕವ್ವ ಅದನ್ನು ಗುರುತಿಸಿದಳು. ಹನ್ನೆರಡು ದಿನದ ಹಿಂದೆ ಉಪ್ಪಿನ ಎತ್ತಿನವರ ಜೊತೆ ಬಂದ ಹುಡುಗಿಯ ಕೊರಳಲ್ಲಿ ಅದಿತ್ತು. ನಾಲ್ಕೋ ಐದೋ ವರ್ಷ. ಒಂದು ಬಟ್ಟಲು ಕುಡಿದು, ಬಾಯಿ ಒರೆಸಿಕೊಂಡು, “ಇನ್ನೊಂದು” ಎಂದಿತ್ತು. ಜಕ್ಕವ್ವ ನಗುತ್ತ ಇನ್ನೊಂದು ಕೊಟ್ಟಿದ್ದಳು. ಆ ರಾತ್ರಿ ಗಂಡನಿಗೆ, “ಇವತ್ತು ಹೊನ್ನಿನ ಬಂದು ಕುಡದ್ಹೋದಂಗಾತು” ಎಂದಿದ್ದಳು. ವರ್ಷದಲ್ಲಿ ಆಕೆ ಊಟ ರುಚಿಸಿ ಉಂಡ ದಿನ ಅದೊಂದೇ.

ಸಾಲಿನ ತುದಿಯಲ್ಲಿ ಸವೆದು ನುಣುಪಾದ ಒಂದು ಕೋಲಿತ್ತು. ಅದು ಯಾರದೆಂದು ಊರಿನ ಪ್ರತಿ ಮಗುವಿಗೂ ಗೊತ್ತು.

“ಇದನ್ನ ಯಾರು ನೆಟ್ಟರು? ಅಯ್ಯನವರು ಇನ್ನೂ ಅದಾರಲ್ಲ!” ಎಂದು ಕೇತಗೌಡ ಕೂಗಿದ.

“ಅವರ ನೆಟ್ಟಾರ್ರಿ. ಮೊನ್ನೆ ನೀವು ಬೆನ್ನು ತಿರುವಿದ ಕೂಡಲೇ.”

ಜಕ್ಕವ್ವ ಅಳಲಿಲ್ಲ. ಒಳಗೆ ಹೋಗಿ ಅಯ್ಯನವರ ತಲೆಯ ಬಳಿ ಕುಳಿತಳು. ಅಲ್ಲಿದ್ದ ಗಡಿಗೆಯ ನೀರನ್ನು ಕೊಳವೆಯಿಂದ ಬಿಡಬೇಕೆಂದರೆ ಅವರ ಕೈಗಳು ಬೊಗಸೆಯಾಗಲಾರದೆ ಬಿದ್ದುಹೋದವು. ಆಗ ಗಂಡನ ಕೈಗೆ ಕೊಳವೆ ಕೊಟ್ಟು, ತನ್ನ ಬೊಗಸೆಯನ್ನೇ ಅವರ ತುಟಿಯ ಕೆಳಗೆ ಒಡ್ಡಿದಳು. ಕೇತಗೌಡ ನೀರು ಬಿಟ್ಟ. ಹೆಣ ಹೊರುವವನೆಂದು ಯಾರನ್ನು ಹಂಗಿಸಿದ್ದನೋ ಅವರ ಮುಂದೆ ಮಂಡಿಯೂರಿ, ಒಂದೊಂದೇ ಗುಟುಕಿನಷ್ಟು. ಎರಡು ಗುಟುಕು ಇಳಿಯಿತು.

“ನಾನು ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ” ಎಂದಳು ಜಕ್ಕವ್ವ.

ಅಯ್ಯನವರು ಕಣ್ಣು ತೆರೆದರು. “ಹೊನ್ನಿಗೆ ಇನ್ನ ಬಾಯಾರಿಕಿ ಇಲ್ಲ, ತಾಯಿ. ಬಾಯಾರಿದವರು ಇಲ್ಲಿ ಮಲಗ್ಯಾರ.”

ಅಷ್ಟೇ ಅವರ ಮಾತು. ಹೊತ್ತು ಮುಳುಗುವ ಮೊದಲು ಪೂಜ್ಯರು ಲಿಂಗೈಕ್ಯರಾದರು.

ಕೆಲವು ಭಕ್ತರು ಅಯ್ಯನವರು ಆ ನೀರನ್ನು ಅರಗಿಸಿಕೊಂಡು ಮತ್ತೆ ಹನ್ನೆರಡು ವರ್ಷ ಬಾಳಿದರೆಂದು ಹೇಳುತ್ತಾರೆ. ಹಾಗೆ ಆಗಿದ್ದರೆ ನನಗೂ ಸಂತೋಷವಾಗುತ್ತಿತ್ತು. ಆದರೆ ಅತ್ತೆಯವರು ಹಾಗೆ ಹೇಳಲಿಲ್ಲ, ಮಠದ ಹಿರಿಯರೂ ಹೇಳಲಿಲ್ಲ. ಬದುಕಿಯೇನೆಂದು ನಂಬಿ ಅವರು ಕುಡಿಯಲಿಲ್ಲ ಎನ್ನುವುದಕ್ಕೆ ಅವರು ನೆಟ್ಟ ಕೋಲೇ ಸಾಕ್ಷಿ. ಅದಕ್ಕಿಂತ ದೊಡ್ಡ ಪವಾಡ ನನಗೆ ಬೇಕಿಲ್ಲ.

ಬಟ್ಟಲನ್ನು ಜಕ್ಕವ್ವ ತಾನೇ ಅಯ್ಯನವರ ಸಮಾಧಿಯಲ್ಲಿ ಇಟ್ಟಳು. ಆ ರಾತ್ರಿ ಆಕೆ ಮನೆಗೆ ಹೋಗಲಿಲ್ಲ. ಮಂಟಪದಲ್ಲಿ ಉಳಿದವರಿಗೆ ಗಂಜಿ ಕಾಯಿಸಿದಳು, ಅವರನ್ನು ತೊಳೆದಳು, ಹುಲ್ಲು ಬದಲಿಸಿದಳು, ಗುಂಡಿಗೆ ಬೂದಿ ಹಾಕಿದಳು. ಕೇತಗೌಡ ಆಳುಗಳನ್ನು ಕರೆಯದೆ ತಾನೇ ಕಲ್ಲು ಹೊತ್ತು ಕುಸಿದ ಮೇಲ್ಛಾವಣಿಯನ್ನು ಮಳೆಗೆ ಮೊದಲು ಮುಗಿಸಿದ. ಗೌಡತಿ ದಾರಿಯವರ ಹೊಲಸು ಬಳಿಯುತ್ತಾಳೆಂದು ಬಂಧುಗಳು ಮನೆಗೆ ಬರುವುದನ್ನು ಬಿಟ್ಟರು. ಆಕೆ ಯಾರನ್ನೂ ಕರೆಯಲಿಲ್ಲ. ಹುಣಸೆಯ ಮರದಡಿ ನೀರು ನಿಲ್ಲಲಿಲ್ಲ, ಕೊಳವೆಯೂ ಬದಲಾಗಲಿಲ್ಲ. ಇಂದಿಗೂ ನಮ್ಮ ಅರವಟ್ಟಿಗೆಯಲ್ಲಿ ಲೋಟವಿಲ್ಲ.

ಆ ಬೇಸಿಗೆ ತೆಗೆದುಕೊಂಡದ್ದನ್ನು ನನ್ನ ದಿನಚರಿಯಲ್ಲಿದ್ದಂತೆಯೇ ಇಲ್ಲಿ ಬರೆಯುತ್ತೇನೆ. ಪಡುವಣ ಸಾಲಿನಲ್ಲಿ ನಾಲ್ಕು ಕೋಲು. ಮೂಡಣ ಸಾಲಿನಲ್ಲಿ ಮೂವತ್ತೊಂದು ಕೋಲು, ಮೂರು ಬೇವಿನ ಕಡ್ಡಿ. ಮಠದ ಹಿರಿಯರು ಮೂವತ್ತು ಎಂದರು. ಅವರು ಅಯ್ಯನವರ ಕೋಲನ್ನು ಆ ಸಾಲಿನಲ್ಲಿ ಎಣಿಸುವುದಿಲ್ಲ. ಅತ್ತೆಯವರು ಎಣಿಸುತ್ತಿದ್ದರು. ನಾನೂ ಎಣಿಸುತ್ತೇನೆ. ಅಯ್ಯನವರು ಹೋದ ಮೇಲೆ ಆ ಸಾಲಿಗೆ ಬಂದದ್ದು ಎರಡೇ ಕೋಲು. ಅವೆರಡೂ ಮೊದಲೇ ಮಂಟಪದಲ್ಲಿ ಮಲಗಿದ್ದವರವು. ಹುಡುಕಿಕೊಂಡು ಬಂದ ಮನೆಯವರು ಗುರುತು ಹಿಡಿದು ಒಯ್ದ ಕೋಲು ಐದು. ಕವಡೆ ಕಟ್ಟಿದ ಕಡ್ಡಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಜಕ್ಕವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ನಮ್ಮ ಮನೆತನ ಮುಂದುವರಿದದ್ದು ಆಕೆಯ ಮೈದುನನಿಂದ. ಆ ದಿನದ ನಂತರ ಆಕೆ ಮೂವತ್ತೆಂಟು ವರ್ಷ ಬದುಕಿದಳು. ಅಷ್ಟು ವರ್ಷವೂ ಬೊಗಸೆಯಲ್ಲಿಯೇ ನೀರು ಕುಡಿದಳು.